ಶಾಸ್ತ್ರದಾನದಿಂದ ವಿದ್ಯಾರ್ಥಿವೇತನದವರೆಗೆ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕ ಧರ್ಮದ ಅವಿಭಾಜ್ಯ ಅಂಗಗಳೆಂಬುದು ನಮ್ಮೆಲ್ಲರಿಗೂ ತಿಳಿದ ವಿಷಯ. ಇವುಗಳ ಪೈಕಿ ಶಾಸ್ತ್ರದಾನವು ಕಾಲಕ್ಕೆ ತಕ್ಕಂತೆ ಹಲವು ರೂಪಗಳನ್ನು ತಾಳಿದೆ. ಒಮ್ಮೆ ಅದು ತಾಳೆಗರಿಯ ಪ್ರತಿಯಾಗಿತ್ತು, ಆಮೇಲೆ ವಿದ್ಯಾರ್ಥಿನಿಲಯವಾಯಿತು, ಈಗ ಬಹುಮಟ್ಟಿಗೆ ವಿದ್ಯಾರ್ಥಿವೇತನವಾಗಿದೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕೊನೆಯಲ್ಲಿ ದಾನದ ಫಲದ ತಾರತಮ್ಯಕ್ಕೆ ನಾಲ್ಕು ಕಾರಣಗಳನ್ನು ಹೇಳಿದ್ದಾರೆ: ವಿಧಿ, ದ್ರವ್ಯ, ದಾತೃ ಮತ್ತು ಪಾತ್ರ. ಸೂತ್ರದ ಮೂಲ ಸಂದರ್ಭದಲ್ಲಿ ಪಾತ್ರರೆಂದರೆ ಮೊದಲಿಗೆ ಮೋಕ್ಷಮಾರ್ಗದಲ್ಲಿರುವ ಸಂಯಮಿಗಳು. ಆದರೂ ಈ ನಾಲ್ಕು ಅಳತೆಗೋಲುಗಳು ಲೌಕಿಕ ವಿದ್ಯಾದಾನಕ್ಕೂ ಚೆನ್ನಾಗಿ ಹೊಂದುತ್ತವೆ.

ಪ್ರತಿವರ್ಷ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಫಲಿತಾಂಶಗಳು ಬಂದಾಗ ದಾವಣಗೆರೆ ಮತ್ತು ಹರಿಹರದ ಅನೇಕ ಮನೆಗಳಲ್ಲಿ ಸಂತೋಷದ ಹಿಂದೆಯೇ ಒಂದು ಚಿಂತೆಯೂ ಬರುತ್ತದೆ. ಮಗುವಿಗೆ ಮುಂದೆ ಓದುವ ಮನಸ್ಸಿದೆ, ಅಂಕಗಳೂ ಇವೆ; ಶುಲ್ಕ ಕಟ್ಟುವ ದಾರಿ ಮಾತ್ರ ಕಾಣುವುದಿಲ್ಲ. ಈ ಚಿಂತೆಗೆ ನಮ್ಮ ಹಿರಿಯರು ಆಯಾ ಕಾಲದಲ್ಲಿ ಯಾವ ಉತ್ತರ ಕಂಡುಕೊಂಡಿದ್ದರೆಂಬುದನ್ನು ಇತಿಹಾಸದಲ್ಲಿ ನೋಡುವುದು ಇಂದಿನ ಟ್ರಸ್ಟ್‌ಗಳಿಗೂ ಕುಟುಂಬಗಳಿಗೂ ಉಪಯುಕ್ತವಾದೀತು.

ಮೊದಲ ನಿದರ್ಶನ ಸಾವಿರ ವರ್ಷ ಹಿಂದಿನದು. ಕವಿಚಕ್ರವರ್ತಿ ರನ್ನನು ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರ ಕುಲದಲ್ಲಿ ಹುಟ್ಟಿದವನು. ವಿದ್ಯೆಯ ಹಂಬಲದಿಂದ ಊರು ಬಿಟ್ಟ ಆತನಿಗೆ ಶ್ರವಣಬೆಳಗೊಳದ ಪರಿಸರದಲ್ಲಿ ಚಾವುಂಡರಾಯನ ಆಶ್ರಯ ದೊರೆಯಿತು, ಅಜಿತಸೇನಾಚಾರ್ಯರಂತಹ ಗುರುಗಳು ದೊರೆತರು. ಮುಂದೆ ದಾನಚಿಂತಾಮಣಿ ಅತ್ತಿಮಬ್ಬೆಯ ಪ್ರೋತ್ಸಾಹದಿಂದ ಆತ 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಅದೇ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ರನ್ನನ ಪ್ರಸಂಗವನ್ನು ಸೂಕ್ಷ್ಮವಾಗಿ ಗಮನಿಸಿದರೆ ಅಲ್ಲಿ ಮೂರು ನೆರವುಗಳು ಒಟ್ಟಿಗಿವೆ: ಊರು ಬಿಟ್ಟು ಬಂದವನಿಗೆ ಆಶ್ರಯ, ಕಲಿಸುವ ಗುರು, ಕಲಿತ ಮೇಲೆ ಆ ವಿದ್ಯೆಗೆ ತಕ್ಕ ಕಾರ್ಯ. ಕೇವಲ ಹಣ ಕೊಟ್ಟು ಕಳಿಸಿದ್ದರೆ ಬಳೆಗಾರರ ಮಗ ಕವಿಚಕ್ರವರ್ತಿಯಾಗುತ್ತಿದ್ದನೆಂದು ಹೇಳಲಾಗದು.

ಆಧುನಿಕ ಕಾಲದಲ್ಲಿ ಈ ಪರಂಪರೆಗೆ ಹೊಸ ಜೀವ ಬಂದದ್ದು ವಿದ್ಯಾರ್ಥಿನಿಲಯಗಳ ಮೂಲಕ. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು (ಇಂದಿನ ದಕ್ಷಿಣ ಭಾರತ ಜೈನ ಸಭೆ) ಸಮಾಜದ ಉನ್ನತಿಗೆ ಶಿಕ್ಷಣವೇ ಮೂಲವೆಂದು ಭಾವಿಸಿತು. ಮುಂಬಯಿಯ ದಾನವೀರ ಸೇಠ್ ಮಾಣಿಕಚಂದ ಹೀರಾಚಂದ ಜವೇರಿಯವರು ತಮ್ಮ ಸಂಪತ್ತಿನ ದೊಡ್ಡ ಪಾಲನ್ನು ಜೈನ ವಿದ್ಯಾರ್ಥಿಗಳ ಬೋರ್ಡಿಂಗ್‌ಗಳಿಗೆ ವಿನಿಯೋಗಿಸಿದರು. ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ದಿಗಂಬರ ಜೈನ ಬೋರ್ಡಿಂಗ್‌ಗಳು ನೆಲೆಗೊಂಡವು. ಹಳ್ಳಿಯ ಒಕ್ಕಲಿನ ಮಗನಿಗೆ ಪಟ್ಟಣದಲ್ಲಿ ಶಾಲೆ ಇತ್ತು. ಇರಲು ಮನೆ, ಹಗಲೂಟದ ನಿಯಮಕ್ಕೆ ಒಪ್ಪುವ ಶುದ್ಧಾಹಾರ ಇರಲಿಲ್ಲ. ಬೋರ್ಡಿಂಗ್ ಈ ಕೊರತೆಯನ್ನೇ ನೀಗಿತು. ಶ್ವೇತಾಂಬರ ಪರಂಪರೆಯಲ್ಲಿ ಆಚಾರ್ಯ ವಿಜಯವಲ್ಲಭ ಸೂರಿಗಳ ಪ್ರೇರಣೆಯಿಂದ 1914-15ರಲ್ಲಿ ಮುಂಬಯಿಯಲ್ಲಿ ಆರಂಭವಾದ ಶ್ರೀ ಮಹಾವೀರ ಜೈನ ವಿದ್ಯಾಲಯವು ಉನ್ನತ ಶಿಕ್ಷಣ ಪಡೆಯುವ ತರುಣರಿಗೆ ಇದೇ ಬಗೆಯ ಆಸರೆಯಾಯಿತು. ಅಲ್ಲಿ ನೆರವನ್ನು ಸಾಲರೂಪದಲ್ಲಿ ಕೊಡುವ ಪದ್ಧತಿಯೂ ಬೆಳೆಯಿತು. ಓದು ಮುಗಿಸಿ ಸಂಪಾದನೆಗೆ ತೊಡಗಿದವನು ಹಿಂತಿರುಗಿಸಿದ ಹಣ ಮತ್ತೊಬ್ಬ ವಿದ್ಯಾರ್ಥಿಗೆ ಸಲ್ಲುತ್ತದೆ. ಪಡೆದವನು ಕಾಲಕ್ರಮದಲ್ಲಿ ತಾನೇ ದಾತೃವಾಗುವ ಕ್ರಮವಿದು.

ಕರ್ಮವೀರ ಭಾವುರಾವ್ ಪಾಟೀಲರ (1887–1959) ಸೇವೆಯನ್ನು ಇಲ್ಲಿ ಸ್ಮರಿಸದಿರಲಾಗದು. ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿ, ಕೊಲ್ಹಾಪುರದ ಜೈನ ಬೋರ್ಡಿಂಗ್‌ನಲ್ಲಿದ್ದು ಓದಿದ ಅವರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುವ ವಿದ್ಯಾರ್ಥಿನಿಲಯ ತೆರೆದರು. ಮಕ್ಕಳ ಊಟಕ್ಕಾಗಿ ಅವರ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನೇ ಕೊಟ್ಟರು. ದುಡಿದು ಕಲಿಯುವ ಪದ್ಧತಿಯಿಂದ ವಿದ್ಯಾರ್ಥಿಯು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಲಿಲ್ಲ. ನಮ್ಮ ನಾಡಿನಲ್ಲಿಯೂ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಉಜಿರೆಯಲ್ಲಿ ಆರಂಭಿಸಿದ ಸಿದ್ಧವನ ಗುರುಕುಲವು ಊಟ-ವಸತಿಯೊಡನೆ ಶ್ರಮದ ಶಿಸ್ತನ್ನೂ ಕಲಿಸಿತು.

ಇನ್ನು ನಮ್ಮ ಪ್ರಾಂತದ ಕಡೆಗೆ ಬರೋಣ. ಸ್ವಾತಂತ್ರ್ಯಪೂರ್ವದಲ್ಲಿ ದಾವಣಗೆರೆ ಮತ್ತು ಹರಿಹರಗಳು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರಿನ ಸೀಮೆ, ಅಂದರೆ ಮುಂಬಯಿ ಪ್ರಾಂತ. ಉತ್ತರದ ಹರಪನಹಳ್ಳಿ ಮದರಾಸು ಪ್ರಾಂತದ್ದು. ನೆರೆಹೊರೆಯ ಮಕ್ಕಳು ಮೂರು ಸರ್ಕಾರಗಳ ಮೂರು ಬಗೆಯ ಶಾಲೆ-ಪರೀಕ್ಷೆಗಳಿಗೆ ಒಳಪಟ್ಟಿದ್ದರು. ಪ್ರೌಢಶಾಲೆ ಮುಗಿದ ಮೇಲೆ ಕಾಲೇಜಿಗಾಗಿ ಊರು ಬಿಟ್ಟು ಹೊರಡುವುದು ಅನಿವಾರ್ಯವಾಗಿತ್ತು. ಹೊರಡಲಾರದವನ ಓದು ಅಲ್ಲಿಗೇ ಮುಗಿಯುತ್ತಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ದಾವಣಗೆರೆಯ ವರ್ತಕರ ಔದಾರ್ಯ. ಹತ್ತಿಯ ವ್ಯಾಪಾರ ಮತ್ತು ಬಟ್ಟೆ ಗಿರಣಿಗಳಿಂದ ಬೆಳೆದ ಈ ಊರಿನಲ್ಲಿ 1951ರಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಎಂಬ ಹೆಸರು ಬಿ.ಡಿ.ಟಿ. ಎಂಬ ಮೂರು ಅಕ್ಷರಗಳಲ್ಲಿ ಇಂದಿಗೂ ಆ ಕಾಲೇಜಿನೊಡನೆ ಉಳಿದಿದೆ. ಧರ್ಮರತ್ನಾಕರ ರಾಜನಹಳ್ಳಿ ಮದ್ದೂರಾಯಪ್ಪನವರ ಹೆಸರಿನ ವಿಜ್ಞಾನ ಕಾಲೇಜೂ ಇಂಥದೇ ಸ್ಮಾರಕ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜ.ಜ.ಮು. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ತಾಂತ್ರಿಕ ವಿದ್ಯಾಲಯ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬಂದವು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಯಂತ್ರೋಪಕರಣಗಳ ತಯಾರಿಕೆಯಿಂದ ಹೆಸರಾಗಿ, ಐ.ಟಿ.ಐ. ಅಥವಾ ಡಿಪ್ಲೊಮಾ ಮಾಡಿದ ತರುಣನಿಗೆ ಊರಿನಲ್ಲಿಯೇ ಉದ್ಯೋಗದ ಭರವಸೆ ಕೊಟ್ಟಿತ್ತು.

ಹೀಗೆ ಕಾಲೇಜು ಮನೆಬಾಗಿಲಿಗೆ ಬಂದಿತು. ಆದರೆ ತೊಡಕು ರೂಪ ಬದಲಿಸಿತು. ಒಂದು ಕಾಲದಲ್ಲಿ ದೂರವು ಅಡ್ಡಿಯಾಗಿತ್ತು, ಈಗ ಶುಲ್ಕವು ಅಡ್ಡಿಯಾಯಿತು. 1989ರ ರಾಜ್ಯ ಸರ್ಕಾರದ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಶುಲ್ಕವಿತ್ತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಕ್ಯಾಪಿಟೇಶನ್ ಶುಲ್ಕ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. 1993ರ ಉನ್ನಿಕೃಷ್ಣನ್ ತೀರ್ಪು ಆ ನಿಲುವನ್ನು ಮಾರ್ಪಡಿಸಿ ಉಚಿತ ಸೀಟು, ಪಾವತಿ ಸೀಟುಗಳ ಏರ್ಪಾಟು ಮಾಡಿತು, 2002ರ ಟಿ.ಎಂ.ಎ. ಪೈ ತೀರ್ಪು ಆ ಏರ್ಪಾಟನ್ನೂ ತೆಗೆದುಹಾಕಿತು. ಇತ್ತ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ನಿಂತವು. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಓದಿನ ಬೆಲೆ ಏರಿದ ಕಾಲದಲ್ಲಿಯೇ ಅನೇಕ ಮನೆಗಳ ಆದಾಯ ಕುಸಿಯಿತು.

ಈ ಅಂತರವನ್ನು ತುಂಬಲು ಸರ್ಕಾರದ ನೆರವು ಬಂದಿತು. ಅಲ್ಪಸಂಖ್ಯಾತರಿಗಾಗಿ ಕೇಂದ್ರ ಸರ್ಕಾರವು 2007-08ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನೂ, ವೃತ್ತಿಶಿಕ್ಷಣದವರಿಗೆ ಪ್ರತ್ಯೇಕ ವೇತನವನ್ನೂ ಆರಂಭಿಸಿತು. ಮೊದಲನೆಯದಕ್ಕೆ ಕುಟುಂಬದ ವಾರ್ಷಿಕ ಆದಾಯ 2 ಲಕ್ಷ, ಎರಡನೆಯದಕ್ಕೆ 2.5 ಲಕ್ಷ ರೂಪಾಯಿ ಮೀರಬಾರದೆಂಬ ಮಿತಿಯಿತ್ತು. ಕನಿಷ್ಠ ಶೇಕಡಾ 50 ಅಂಕ ಬೇಕಿತ್ತು. ಶೇಕಡಾ 30ರಷ್ಟು ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು. 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಅಧಿಸೂಚಿಸಿದ ಮೇಲೆ ನಮ್ಮ ಮಕ್ಕಳಿಗೂ ಈ ಬಾಗಿಲು ತೆರೆಯಿತು. ಆದರೆ 2022-23ರ ನಂತರ ಈ ಯೋಜನೆಗಳು ಮೊದಲಿನಂತೆ ನಡೆಯಲಿಲ್ಲ. ರಾಜ್ಯದಲ್ಲಿ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವು ಸಿ.ಇ.ಟಿ. ಮೂಲಕ ವೃತ್ತಿಶಿಕ್ಷಣಕ್ಕೆ ಸೇರುವವರಿಗಾಗಿ ‘ಅರಿವು’ ಎಂಬ ಶಿಕ್ಷಣ ಸಾಲದ ಯೋಜನೆಯನ್ನು ರೂಪಿಸಿತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು 2007ರಿಂದ ತನ್ನ ಸ್ವಸಹಾಯ ಸಂಘಗಳ ಕುಟುಂಬದ ಮಕ್ಕಳಿಗೆ ‘ಸುಜ್ಞಾನನಿಧಿ’ ವೇತನ ನೀಡುತ್ತ ಬಂದಿದೆ. ಸರ್ಕಾರದ ಯೋಜನೆ ಒಂದು ವರ್ಷ ಇದ್ದು ಮರುವರ್ಷ ಇಲ್ಲದಿರಬಹುದು. ಆದ್ದರಿಂದ ಅದು ಸಮಾಜದ ಕರ್ತವ್ಯಕ್ಕೆ ಪೂರಕವೇ ಹೊರತು ಪರ್ಯಾಯವಾಗಲಾರದು.

ಈಗ ಉಮಾಸ್ವಾಮಿಗಳ ನಾಲ್ಕು ಅಳತೆಗೋಲುಗಳನ್ನು ನಮ್ಮ ಕಾಲಕ್ಕೆ ಹಿಡಿದು ನೋಡೋಣ. ದ್ರವ್ಯದ ಕೊರತೆ ನಮ್ಮ ಸಮಾಜದಲ್ಲಿ ಅಷ್ಟಾಗಿ ಇಲ್ಲ. ಪಂಚಕಲ್ಯಾಣಾದಿ ಮಹೋತ್ಸವಗಳ ವೈಭವವೇ ಅದಕ್ಕೆ ಸಾಕ್ಷಿ. ದಾತೃಗಳೂ ಇದ್ದಾರೆ, ಪಾತ್ರರಾದ ಮಕ್ಕಳೂ ಇದ್ದಾರೆ. ಕೊರತೆಯಿರುವುದು ವಿಧಿಯಲ್ಲಿ, ಎಂದರೆ ಯಾವಾಗ, ಯಾರಿಗೆ, ಹೇಗೆ ಕೊಡಬೇಕೆಂಬ ವಿವೇಕದಲ್ಲಿ.

ಮೊದಲನೆಯದು ಕಾಲ. ಸಿ.ಇ.ಟಿ. ಅರ್ಜಿಯು ಇತ್ತೀಚಿನ ವರ್ಷಗಳಲ್ಲಿ ಜನವರಿಯಲ್ಲಿಯೇ ಆರಂಭವಾಗುತ್ತಿದೆ. ಕರ್ನಾಟಕದಲ್ಲಿ ದಿಗಂಬರ ಜೈನರು ಹಿಂದುಳಿದ ವರ್ಗಗಳ 3-ಬಿ ಪ್ರವರ್ಗದಲ್ಲಿದ್ದಾರೆ. ಅಲ್ಪಸಂಖ್ಯಾತರೆಂಬ ಮಾನ್ಯತೆ ದಿಗಂಬರ-ಶ್ವೇತಾಂಬರ ಇಬ್ಬರಿಗೂ ಇದೆ. ಇವೆರಡೂ ಬೇರೆ ಬೇರೆ ಸೌಲಭ್ಯಗಳೆಂಬುದು ಅನೇಕ ತಂದೆತಾಯಿಯರಿಗೆ ತಿಳಿಯದು. ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರ ಪಡೆದು ಅದರ ಆರ್.ಡಿ. ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸದಿದ್ದರೆ, ಫಲಿತಾಂಶದ ದಿನ ಸಿಹಿ ಹಂಚಿ ಪ್ರಯೋಜನವಿಲ್ಲ. ಪ್ರವೇಶಶುಲ್ಕವನ್ನು ಸೀಟು ಸಿಕ್ಕ ಕೆಲವೇ ದಿನಗಳಲ್ಲಿ ಕಟ್ಟಬೇಕು. ವಿದ್ಯಾರ್ಥಿವೇತನದ ಹಣ ಖಾತೆಗೆ ಬರುವುದು ಬಹಳ ತಡವಾಗಿ. ಆ ನಡುವಿನ ಅವಧಿಯಲ್ಲಿ ಟ್ರಸ್ಟ್ ಕೊಡುವ ಸಣ್ಣ ಮೊತ್ತವೂ ಒಂದು ಮಗುವಿನ ಸೀಟನ್ನು ಉಳಿಸುತ್ತದೆ. ಅದೇ ಮೊತ್ತವನ್ನು ವರ್ಷಾಂತ್ಯದ ಸಮಾರಂಭದಲ್ಲಿ ಕೊಟ್ಟರೆ ಅದು ಬಹುಮಾನವಾಗುತ್ತದೆ, ಆಸರೆಯಾಗುವುದಿಲ್ಲ.

ಎರಡನೆಯದು ಪಾತ್ರದ ಆಯ್ಕೆ. ಪ್ರತಿಭಾ ಪುರಸ್ಕಾರಗಳಲ್ಲಿ ಶೇಕಡಾ 95 ಪಡೆದವರನ್ನು ಗೌರವಿಸುವುದು ಸ್ತುತ್ಯರ್ಹವೇ. ಆದರೆ ತಂದೆಯ ಅಂಗಡಿಯಲ್ಲಿ ಸಂಜೆಯೆಲ್ಲ ನಿಂತು ಶೇಕಡಾ 58 ಪಡೆದು, ಡಿಪ್ಲೊಮಾ ಸೇರಲೋ ಓದು ಬಿಡಲೋ ಎಂದು ಯೋಚಿಸುತ್ತಿರುವ ಹುಡುಗನ ಹೆಸರು ಆ ಪಟ್ಟಿಗೆ ಬರುವುದೇ ಇಲ್ಲ. ಡಿಪ್ಲೊಮಾ ಮುಗಿಸಿದವನಿಗೆ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ಮಾರ್ಗವಿದೆಯೆಂದು ಅವನಿಗೆ ಹೇಳುವ ಹಿರಿಯರೊಬ್ಬರು ಬೇಕು. ಹೆಣ್ಣುಮಗಳ ಓದನ್ನು ಮದುವೆಯ ಖರ್ಚಿನೊಡನೆ ತೂಗಿ ನಿಲ್ಲಿಸುವ ಮನೆಗಳಿಗೂ ಹಿತವಚನ ಬೇಕು; ಅತ್ತಿಮಬ್ಬೆಯ ಹೆಸರು ಹೇಳುವ ಸಮಾಜಕ್ಕೆ ಇದು ಮೊದಲ ಹೊಣೆ.

ಮೂರನೆಯದು ಕೊಡುವ ರೀತಿ. ವೇದಿಕೆಗೆ ಕರೆದು, ಬಡತನವನ್ನು ಧ್ವನಿವರ್ಧಕದಲ್ಲಿ ಸಾರಿ ಕೊಟ್ಟ ಚೆಕ್ಕು ಹದಿನೆಂಟು ವರ್ಷದ ಮನಸ್ಸಿಗೆ ನೋವುಂಟುಮಾಡುತ್ತದೆ. ವಚನದಿಂದಲೂ ಹಿಂಸೆಯಾಗಬಾರದೆಂದು ನಂಬಿದ ನಾವು ಶುಲ್ಕವನ್ನು ನೇರವಾಗಿ ಕಾಲೇಜಿಗೆ ಕಟ್ಟಿ ಮೌನವಾಗಿರಬಹುದು. ದಾತೃವಿನ ಮಾನಕಷಾಯ ಮಂದವಾದಷ್ಟೂ ದಾನದ ಫಲ ಹೆಚ್ಚು.

ದಾವಣಗೆರೆ ಮತ್ತು ಹರಿಹರದ ಬಸದಿ-ಮಂದಿರಗಳ ಆಡಳಿತ ಮಂಡಳಿಗಳು ಹತ್ತನೆಯ ತರಗತಿ ಹಾಗೂ ದ್ವಿತೀಯ ಪಿ.ಯು.ಸಿ.ಯಲ್ಲಿರುವ ಪ್ರತಿಯೊಂದು ಮಗುವಿನ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ದಶಲಕ್ಷಣ ಅಥವಾ ಪರ್ಯುಷಣ ಪರ್ವದಲ್ಲಿ ಎಲ್ಲರೂ ಸೇರುವಾಗ ಈ ಕೆಲಸ ಸುಲಭ. ಅರ್ಜಿ, ಪ್ರಮಾಣಪತ್ರಗಳ ವಿಷಯ ಬಲ್ಲ ಇಬ್ಬರು ತರುಣರು ಡಿಸೆಂಬರಿನಲ್ಲಿ ಒಂದು ಭಾನುವಾರ ಕುಳಿತು ಆ ಮನೆಗಳಿಗೆ ನೆರವಾಗಲಿ. ನೆರವು ಪಡೆದು ಓದಿದವರು ಸಂಪಾದಿಸತೊಡಗಿದ ಮೇಲೆ ಮತ್ತೊಬ್ಬರ ಶುಲ್ಕಕ್ಕೆ ತಮ್ಮ ಪಾಲು ಸೇರಿಸಲಿ. ಮುಂದಿನ ಜನವರಿಯಲ್ಲಿ ಅರ್ಜಿ ತುಂಬುವ ಕಾಲ ಬರುವ ಮೊದಲೇ ಆ ಪುಸ್ತಕದ ಮೊದಲ ಪುಟ ಸಿದ್ಧವಾಗಿರಲಿ ಎಂದು ಎಲ್ಲ ಶ್ರಾವಕ-ಶ್ರಾವಿಕೆಯರಲ್ಲಿ ವಿನಂತಿ.