ನೇಗಿಲಿನಿಂದ ರಾಜಾಜಿನಗರದವರೆಗೆ

ಬೆಂಗಳೂರಿನಲ್ಲಿ ಉದಾರಿಗಳ ಮಾತೆತ್ತಿದೊಡನೆ ಗುಬ್ಬಿ ತೋಟದಪ್ಪನವರ ಛತ್ರವೋ, ಪುಟ್ಟಣ್ಣಚೆಟ್ಟಿಯವರ ಹೆಸರು ಹೊತ್ತ ಪುರಭವನವೋ ಜನರ ನಾಲಗೆಗೆ ಬರುವುದು ಸಹಜವೇ ಆಗಿದೆ. ಕಲ್ಲುಗಾರೆಯಲ್ಲಿ ಮೂರ್ತಗೊಂಡ ದಾನವು ಕಣ್ಣಿಗೆ ಕಾಣುತ್ತದೆ, ಸಂಬಳದ ಪಟ್ಟಿಯಲ್ಲಿ ಅಡಗಿದ ದಾನವು ಕಾಣುವುದಿಲ್ಲ. ಈ ಎರಡನೆಯ ಬಗೆಯ ಉಪಕಾರಿಯಾಗಿದ್ದವರು ಉದ್ಯಮಿ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು.

ಮರಾಠಿ ಮನೆಮಾತಿನ ಅವರು ಹುಟ್ಟಿದುದು ಕನ್ನಡದ ನೆಲದಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರ ಜೂನ್ 20ರಂದು. ಚಿತ್ರಕಾರನಾಗುವ ಹಂಬಲದಿಂದ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದ ತರುಣನಿಗೆ ಕೆಲವು ಬಣ್ಣಗಳ ಭೇದವೇ ತಿಳಿಯದೆಂಬುದು ಗೊತ್ತಾಗಲು, ಆತನು ಬಣ್ಣದ ಹಂಗಿಲ್ಲದ ಯಂತ್ರರೇಖನವನ್ನು ಕಲಿತು, ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಶಾಲೆಯಲ್ಲಿ ಉಪಾಧ್ಯಾಯನಾದನು. ಅಲ್ಲಿಂದಲೇ ಬೈಸಿಕಲ್ಲುಗಳನ್ನು ಕೊಂಡು ಬೆಳಗಾವಿಯಲ್ಲಿದ್ದ ಅಣ್ಣ ರಾಮುಅಣ್ಣನವರಿಗೆ ಕಳುಹಿಸುತ್ತಿದ್ದುದೂ, ಅಣ್ಣನವರು ಅವನ್ನು ಮಾರಿ, ಹದಿನೈದು ರೂಪಾಯಿ ತೆಗೆದುಕೊಂಡು ಗಿರಾಕಿಗಳಿಗೆ ಸವಾರಿ ಕಲಿಸುತ್ತಿದ್ದುದೂ ಈ ಮನೆತನದ ಉದ್ಯಮದ ಮೊದಲ ಅಧ್ಯಾಯ. ಬರಬೇಕಾಗಿದ್ದ ಬಡ್ತಿಯು ಆಂಗ್ಲೋ-ಇಂಡಿಯನ್ ಒಬ್ಬನ ಪಾಲಾದಾಗ ಲಕ್ಷ್ಮಣರಾಯರು ಉದ್ಯೋಗವನ್ನು ಬಿಟ್ಟು ಬೆಳಗಾವಿಗೆ ಮರಳಿದರು.

ಅಲ್ಲಿ ಅವರು ತಯಾರಿಸತೊಡಗಿದುದು ಮೇವು ಕತ್ತರಿಸುವ ಯಂತ್ರ, ಬಳಿಕ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ನಂಬಿದ್ದುದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. ರೈತನನ್ನು ಮೂಢನೆನ್ನಲು ನನಗೆ ಮನಸ್ಸಿಲ್ಲ. ವರ್ಷದ ಅನ್ನವನ್ನು ಪಣವಿಟ್ಟು ಪ್ರಯೋಗ ಮಾಡಬೇಕಾದವನು ಅವನು ತಾನೆ. ವ್ಯಾಪಾರವು ಕುದುರುವ ಹೊತ್ತಿಗೆ ಹೊಸ ಬಡಾವಣೆಯ ನೆಪದಿಂದ ಬೆಳಗಾವಿಯ ಪುರಸಭೆಯು ಕಾರ್ಖಾನೆಯನ್ನೆತ್ತಲು ಹೇಳಿತು. ಅದೇ ಊರಿನಲ್ಲಿ ಇಂದು ಕಿರ್ಲೋಸ್ಕರ್ ರಸ್ತೆಯೊಂದಿದೆ! ಆಗ ಕೈಹಿಡಿದವರು, ಸ್ವತಃ ಚಿತ್ರಕಾರರಾಗಿದ್ದ ಔಂಧ ಸಂಸ್ಥಾನದ ಅರಸರು. ಅವರಿತ್ತ, ಪಾಪಾಸುಕಳ್ಳಿ ಬೆಳೆದ ಮೂವತ್ತೆರಡು ಎಕರೆ ಬಂಜರಿನಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು.

ಈ ವಾಡಿಯಲ್ಲಿಯೇ ಲಕ್ಷ್ಮಣರಾಯರ ಉದಾರತೆಯ ನಿಜವಾದ ಸ್ವರೂಪವನ್ನು ಕಾಣಬೇಕು. ಅಸ್ಪೃಶ್ಯತೆಯ ಆಚರಣೆಗೆ ಅಲ್ಲಿ ಎಡೆಯಿರಲಿಲ್ಲ. ಸೆರೆಮನೆಯಿಂದ ಹೊರಬಂದು ಯಾರಿಗೂ ಬೇಡವಾದವರನ್ನು ಅವರು ರಾತ್ರಿಯ ಕಾವಲಿಗೆ ನೇಮಿಸಿದರು. ಉಗ್ರಾಣದ ಕೀಲಿಯನ್ನು ಅಪರಾಧಿಯೆನಿಸಿಕೊಂಡವನ ಭರವಸೆಯ ಮೇಲೆ ಬಿಟ್ಟು ನಿದ್ರಿಸುವುದು ಛತ್ರ ಕಟ್ಟಿಸುವುದಕ್ಕಿಂತ ಕಠಿನವಾದ ಧರ್ಮವೆಂದು ನನಗೆ ತೋರುತ್ತದೆ. ಜೊತೆಗಾರರನ್ನು ಆರಿಸುವಾಗಲೂ ಅವರು ಲೋಕದ ಅಳತೆಗೋಲನ್ನು ಹಿಡಿಯಲಿಲ್ಲ: ಯಂತ್ರಗಳ ಕಲ್ಪನೆಯಲ್ಲಿ ಅಸಾಧಾರಣರಾಗಿದ್ದ ಅನಂತರಾವ್ ಫಳಣೀಕರರು ಶಾಲೆಯನ್ನೂ ಮುಗಿಸಿದವರಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಕಬ್ಬಿಣವು ದುರ್ಲಭವಾದಾಗ ಕೊಲ್ಹಾಪುರ ಸಂಸ್ಥಾನದ ಹಳೆಯ ಫಿರಂಗಿಗಳನ್ನು ಕರಗಿಸಿ ನೇಗಿಲು ಎರಕ ಹೊಯ್ದುದು ಈ ಕಾರ್ಖಾನೆಯ ಕೀರ್ತಿಗಳಲ್ಲೊಂದು.

ಮುಂದಿನದು ಮಕ್ಕಳ ಕಾಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಗಿ, 1946ರಲ್ಲಿ ಮಗ ರವಿ ಕಿರ್ಲೋಸ್ಕರರ ಮುಂದಾಳುತನದಲ್ಲಿ ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಹುಟ್ಟಿದಾಗ, ಬೆಳಗಾವಿಯಲ್ಲಿ ಕಳೆದುಕೊಂಡುದನ್ನು ಕನ್ನಡ ನಾಡು ಒಂದು ಪರಿಯಲ್ಲಿ ಮರಳಿ ಪಡೆಯಿತು. ಮೂರು ವರ್ಷಗಳ ತರುವಾಯ, ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ರಾಜಾಜಿನಗರವು ಕೈಗಾರಿಕಾ ಉಪನಗರವಾಗಿ ರೂಪುಗೊಂಡಿತು. ಅದರ ನೆರೆಯಲ್ಲಿ ವಿದ್ಯುತ್ ಮೋಟರುಗಳನ್ನು ತಯಾರಿಸುತ್ತಿದ್ದ ಈ ಕಾರ್ಖಾನೆಯ ಹೆಸರು ಪಶ್ಚಿಮ ಬೆಂಗಳೂರಿನ ಮನೆಮಾತಾಯಿತು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು.

ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯಿದ್ದ ಆವರಣದಲ್ಲಿ ಈಗ ಒರಾಯನ್ ಮಾಲ್ ಮತ್ತು ಬ್ರಿಗೇಡ್ ಗೇಟ್‌ವೇಯ ಗಗನಚುಂಬಿಗಳು ನಿಂತಿವೆ. ನಗರದ ನಡುವಿನ ಭೂಮಿಯು ದುಬಾರಿಯಾದ ಮೇಲೆ ಕಾರ್ಖಾನೆಯು ಊರಾಚೆ ಸರಿಯುವುದು ಅರ್ಥಶಾಸ್ತ್ರದ ಸಾಮಾನ್ಯ ನಿಯಮವೇ ಸರಿ. ಬೆಳಗಾವಿಯ ಪುರಸಭೆಯು ಅಪ್ಪಣೆಯಿಂದ ಮಾಡಿಸಿದುದನ್ನು ಬೆಂಗಳೂರಿನಲ್ಲಿ ನೆಲದ ಬೆಲೆಯು ಮಾಡಿಸಿತು.