ಕಾವಲಿಗೆ ಬಿಡುವು ಬೇಕು



ದನ ಮೇಯುವ ಜಾಗದಲ್ಲಿ ಹುಲ್ಲು ಹೋಗಿ ಬೇಡದ ಗಿಡ ತುಂಬಿಕೊಳ್ಳುವುದನ್ನು ನೀವು ನೋಡೇ ಇದ್ದೀರಿ. “ದನಗಳೇ ಕೆಡಿಸಿದವು” ಅನ್ನುವವರುಂಟು. “ಮಳೆ ಕೈಕೊಟ್ಟಿತು” ಅನ್ನುವವರೂ ಉಂಟು. ನಿಜ ತಿಳಿಯಬೇಕಾದರೆ ನಮ್ಮ ಅಮೃತಮಹಲ್ ಕಾವಲುಗಳ ಕಥೆಯನ್ನು ಸ್ವಲ್ಪ ಕೇಳಬೇಕು.

1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಟಿಪ್ಪು ಸುಲ್ತಾನ ಅದನ್ನು ‘ಅಮೃತಮಹಲ್’ ಎಂದು ಕರೆದ. ದಂಡಿನ ಸರಂಜಾಮು ಎಳೆಯುತ್ತಿದ್ದ ಈ ದನಗಳು ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಕಡೆಯ ಒಣ ಸೀಮೆಯಲ್ಲಿ ಮೇಯುತ್ತಿದ್ದವು. ಕಾವಲುಗಳಲ್ಲಿ 3 ಬಗೆ: ಬೇಸಗೆಯದು, ಮಳೆಗಾಲದ್ದು, ಚಳಿಗಾಲದ್ದು. ನೀರು ನೆರಳಿರುವ ಕೆರೆಯಂಗಳದಂಥ ಜಾಗ ಬೇಸಗೆಗೆ ಮೀಸಲು.

ಇದರ ಜಾಣತನ ನೋಡಿ. ದನ ಒಂದು ಕಡೆ ಇದ್ದಾಗ ಉಳಿದ ಕಡೆ ಹುಲ್ಲಿಗೆ ಬಿಡುವು. ಅದು ಚಿಗುರಿ, ತೆನೆ ಬಿಟ್ಟು, ಬೀಜ ಉದುರಿಸುತ್ತಿತ್ತು. ಹುಲ್ಲಿನ ಬೇರು ಒತ್ತಾಗಿ ಹೆಣೆದ ನೆಲದಲ್ಲಿ ಹೊರಗಿನ ಬೀಜಕ್ಕೆ ಬೆಳಕೂ ತೇವವೂ ಸಿಗುವುದು ಕಷ್ಟ.

ಮುಂದೆ ಕಾವಲಿನ ಎಷ್ಟೋ ನೆಲ ಬೇಸಾಯಕ್ಕೂ ಬೇರೆ ಕೆಲಸಕ್ಕೂ ಹೋಯಿತು. ಉಳಿದ ತುಂಡಿನಲ್ಲೇ ವರ್ಷವಿಡೀ ಮೇಯಿಸಿದರೆ ಏನಾದೀತು? ದನ ರುಚಿಯಾದ ಹುಲ್ಲನ್ನೇ ಆರಿಸಿ ಬುಡದವರೆಗೂ ಕಚ್ಚುತ್ತದೆ. ಬೇರು ಸೊರಗುತ್ತದೆ. ಗೊರಸಿನ ತುಳಿತಕ್ಕೆ ನೆಲ ಬೋಳಾಗುತ್ತದೆ. 1955ರಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಪಾರ್ಥೇನಿಯಂ, ಅಂದರೆ ನಾವು ಕಾಂಗ್ರೆಸ್ ಗಿಡ ಅನ್ನುವುದು, ನಮ್ಮಲ್ಲೂ ಹಬ್ಬಿದ್ದು ಇಂಥ ಬೋಳು ನೆಲ ಹಿಡಿದೇ. ಒಂದೊಂದು ಗಿಡಕ್ಕೂ ಸಾವಿರಾರು ಬೀಜ. ದನ ಅದನ್ನು ಬಿಟ್ಟು ಪಕ್ಕದ ಹುಲ್ಲನ್ನೇ ಮೇಯುತ್ತದೆ. ಹುಲ್ಲು ಇನ್ನಷ್ಟು ಸೋಲುತ್ತದೆ.

ಬಳ್ಳಾರಿ ಜಾಲಿಯ ದಾರಿ ಬೇರೆ. ಕುರಿ, ಮೇಕೆ, ದನ ಅದರ ಸಿಹಿ ಕಾಯಿ ತಿಂದು, ಬೀಜವನ್ನು ಹಿಕ್ಕೆ ಸಗಣಿಯಲ್ಲಿ ಹೋದಲ್ಲೆಲ್ಲಾ ಬಿತ್ತುತ್ತವೆ.

ಹಾಗಂತ ದನ ಬಿಡುವುದೇ ಬೇಡವೆ? ಹಾಗಲ್ಲ. ಜಾಲಿ ಬೇರೂರಿದ ನೆಲಕ್ಕೆ ಬರೇ ಬೇಲಿ ಹಾಕಿ ಸುಮ್ಮನಿದ್ದರೆ ಜಾಲಿಯೇ ಬೆಳೆದು ಹುಲ್ಲನ್ನು ಮುಚ್ಚೀತು. ಬೇಕಾದ್ದು ಸರದಿ. ನಿಮ್ಮೂರ ಗೋಮಾಳವನ್ನು 3 ಪಾಲು ಮಾಡಿ, ಒಂದರಲ್ಲಿ ಮೇಯಿಸುವಾಗ ಉಳಿದವಕ್ಕೆ ಬಿಡುವು ಕೊಡಿ. ಮೊದಲ ಮಳೆಗೆ ಚಿಗುರಿದ ಹುಲ್ಲಿಗೆ ಕೂಡಲೇ ದನ ನುಗ್ಗಿಸಬೇಡಿ. ಮಣ್ಣು ತೆಗೆದ ಗುಂಡಿ, ಹೊಸದಾಗಿ ಕಡಿದ ಹಾದಿಗಳ ಅಂಚಿನ ಮೇಲೆ ಕಣ್ಣಿಡಿ. ಕಳೆ ಮೊದಲು ಕಾಲಿಡುವುದು ಅಲ್ಲೇ. ಪಾರ್ಥೇನಿಯಂ ಹೂ ಬಿಡುವ ಮುನ್ನವೇ ಬೇರುಸಹಿತ ಕೀಳಿ. ಅದು ತಾಗಿದರೆ ಕೆಲವರಿಗೆ ಮೈ ಕಡಿತ ಬರುತ್ತದೆ. ಕೈಗೆ ಬಟ್ಟೆ ಸುತ್ತಿಕೊಳ್ಳಿ. ಕಿತ್ತ ಜಾಗದಲ್ಲಿ ಊರ ಹುಲ್ಲಿನ ಬೀಜ ಚೆಲ್ಲಿ. ನೆಲ ಬೋಳಾಗಿಯೇ ಉಳಿದರೆ ಕಳೆ ಮತ್ತೆ ಬಂದೇ ಬರುತ್ತದೆ.

ಒಬ್ಬರು ಕಾದು ಇನ್ನೊಬ್ಬರು ನುಗ್ಗಿಸಿದರೆ ಸರದಿ ನಿಲ್ಲದು. ಮಳೆಗಾಲಕ್ಕೆ ಮುಂಚೆ ಊರಿನವರೆಲ್ಲ ಒಮ್ಮೆ ಕೂತು, ಯಾವ ಪಾಲು ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡಿಕೊಳ್ಳಿ.