ಮಂಡಿಯ ಆಪರೇಷನ್ ನಂತರ: ವಿಶ್ರಾಂತಿ, ಯಂತ್ರ ಮತ್ತು ತೊಡೆಯ ಸ್ನಾಯು

ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲಿನ ಚೇತರಿಕೆಯ ಇತಿಹಾಸವನ್ನು ನೇರ ಗೆರೆಯಲ್ಲಿ ಹೇಳುವ ರೂಢಿಯಿದೆ. ಹಿಂದಿನ ವೈದ್ಯರು ವಾರಗಟ್ಟಲೆ ಮಲಗಿಸುತ್ತಿದ್ದರು, ಇಂದಿನವರು ಮರುದಿನವೇ ವಾಕರ್ ಕೊಟ್ಟು ನಡೆಸುತ್ತಾರೆ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಮೂಲ ಲೇಖನಗಳನ್ನು ಕಾಲಾನುಕ್ರಮದಲ್ಲಿ ಓದಿದರೆ ಈ ಗೆರೆ ಅಷ್ಟು ನೇರವಾಗಿಲ್ಲ. ವಿಶ್ರಾಂತಿಯೋ ಚಲನೆಯೋ ಎಂಬ ವಾದದ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಹರಿದುಬಂದಿದೆ: ಗುಣವಾಗಬೇಕಾದದ್ದು ಕೀಲೋ, ಅದನ್ನು ನಡೆಸುವ ಸ್ನಾಯುವೋ?

ವಿಶ್ರಾಂತಿಪಕ್ಷದ ಆದಿಪುರುಷ ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್ (1834–1891). ಮೂಳೆ ಕೂಡಿಸುವ ನಾಟಿ ವೈದ್ಯರ ಮನೆತನದಲ್ಲಿ ಹುಟ್ಟಿದ ಅವರು, ಕೆಟ್ಟ ಕೀಲಿಗೆ ದೀರ್ಘವೂ ಅಖಂಡವೂ ಆದ ವಿಶ್ರಾಂತಿಯೇ ಮದ್ದು ಎಂದು ನಂಬಿದ್ದರು. ಅವರ ಹೆಸರಿನ ಸ್ಪ್ಲಿಂಟ್ ಇಂದಿಗೂ ಬಳಕೆಯಲ್ಲಿದೆ. ಆ ನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಅವರ ಮುಂದಿದ್ದ ಮಂಡಿಗಳಲ್ಲಿ ಕ್ಷಯ ತಗುಲಿದವು ಬಹಳ; ಆ್ಯಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಅಂಥ ಕೀಲನ್ನು ಅಲುಗಿಸುವುದೇ ಅಪಾಯವಾಗಿತ್ತು. ಅದೇ ಕಾಲದಲ್ಲಿ ಫ್ರಾನ್ಸಿನ ಲೂಕಾ-ಶಾಂಪಿಯೋನ್ಯೇರ್ ಮುರಿದ ಮೂಳೆಗೂ ಮಾಲೀಶು ಮತ್ತು ಮೆಲುಚಲನೆ ಬೇಕೆಂದು ವಾದಿಸುತ್ತಿದ್ದರು. ಅಂದರೆ ಚಲನೆಯ ಪಕ್ಷ ಇಪ್ಪತ್ತನೆಯ ಶತಮಾನದ ಶೋಧವಲ್ಲ. ಇತ್ತ ಶಸ್ತ್ರಚಿಕಿತ್ಸೆಯೂ ಮುಂದೆ ಸಾಗಿತ್ತು: 1895ರಲ್ಲಿ ಲೀಡ್ಸ್‌ನ ಮೇಯೋ ರಾಬ್ಸನ್ ಗಣಿಕಾರ್ಮಿಕನೊಬ್ಬನ ಮಂಡಿಯೊಳಗೆ ಹರಿದಿದ್ದ ಅಡ್ಡರಜ್ಜುಗಳನ್ನು ಹೊಲಿದರು. ಆದರೂ ಹೊಲಿಗೆಯ ಕೌಶಲ ಬೆಳೆದ ವೇಗದಲ್ಲಿ ಹೊಲಿದ ಮೇಲಿನ ಚಿಂತನೆ ಬೆಳೆಯಲಿಲ್ಲ.

ತಿರುವು ಬಂದದ್ದು ಯುದ್ಧದಿಂದ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರು ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ ತುಂಬಿಹೋಗಿದ್ದರು. ಹಗುರ ವ್ಯಾಯಾಮವನ್ನು ನೂರಾರು ಸಲ ಮಾಡಿಸುವ ಆಗಿನ ಪದ್ಧತಿಯಲ್ಲಿ ತೊಡೆ ಬಲಿಯುತ್ತಲೇ ಇರಲಿಲ್ಲ. ಷಿಕಾಗೋದ ಗಾರ್ಡಿನರ್ ಆಸ್ಪತ್ರೆಯಲ್ಲಿದ್ದ ಯುವ ವೈದ್ಯ ಥಾಮಸ್ ಡಿಲೋರ್ಮ್ ಹದಿಹರೆಯದಲ್ಲಿ ಸಂಧಿವಾತ ಜ್ವರದಿಂದ ಹಾಸಿಗೆ ಹಿಡಿದು, ಆಮೇಲೆ ಭಾರ ಎತ್ತುತ್ತ ಮೈ ಕಟ್ಟಿಕೊಂಡವರು. ಅದೇ ಉಪಾಯವನ್ನು ಅವರು ರೋಗಿಗಳಿಗೂ ಹೇಳಿಕೊಟ್ಟರು: ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ, ಕುಳಿತಲ್ಲಿಂದಲೇ ಮಂಡಿ ನೀಡುವುದು, ವಾರವಾರಕ್ಕೆ ಭಾರ ಹೆಚ್ಚಿಸುವುದು. 1945ರ ಅವರ ಲೇಖನದಲ್ಲಿ ಹತ್ತು ಬಾರಿಯಂತೆ ಏಳರಿಂದ ಹತ್ತು ಸುತ್ತು ಇದ್ದವು. 1948ರಲ್ಲಿ ಆರ್ಥರ್ ವಾಟ್ಕಿನ್ಸ್ ಜೊತೆ ಸೇರಿ ಅದನ್ನು ಮೂರು ಸುತ್ತಿಗೆ ಇಳಿಸಿದರು: ಹತ್ತು ಬಾರಿ ಮಾತ್ರ ಎತ್ತಬಲ್ಲ ಭಾರದ ಅರ್ಧ, ಮುಕ್ಕಾಲು, ಕೊನೆಗೆ ಪೂರ್ತಿ. ಇಂದು ಯಾವ ಜಿಮ್‌ಗೆ ಹೋದರೂ ತರಬೇತುದಾರ ಹೇಳುವ 'ಮೂರು ಸೆಟ್, ಹತ್ತತ್ತು ಸಲ' ಎಂಬ ಲೆಕ್ಕಕ್ಕೆ ಸೇನಾ ಆಸ್ಪತ್ರೆಯ ಮಂಡಿಗಳೊಡನೆ ನಂಟಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ತೊಡೆಯ ಮುಂಭಾಗದ ಸ್ನಾಯು ಆಪರೇಷನ್ ಆದ ಕೂಡಲೇ ಸೊರಗುವುದೇಕೆ? ಬಳಸದಿರುವುದರಿಂದ ಎಂಬ ಉತ್ತರ ಅರ್ಧ ಮಾತ್ರ ಸರಿ. 1965ರಲ್ಲಿ ಡಿ ಆಂಡ್ರಾಡೆ ಮತ್ತು ಸಂಗಡಿಗರು ಮಂಡಿಯೊಳಗೆ ದ್ರವ ತುಂಬಿಸಿ, ಒತ್ತಡ ಏರಿದಂತೆ ಆ ಸ್ನಾಯುವಿಗೆ ಹೋಗುವ ನರದ ಪ್ರೇರಣೆ ಕುಗ್ಗುತ್ತದೆಂದು ತೋರಿಸಿದರು. ನೋವೇ ಇಲ್ಲದಿದ್ದರೂ ಬಾವು ಸ್ನಾಯುವನ್ನು ಮಂಕಾಗಿಸುತ್ತದೆ. 1984ರ ಇನ್ನೊಂದು ಪ್ರಯೋಗದ ಪ್ರಕಾರ ತೊಡೆಯ ಒಳಬದಿಯ ಸ್ನಾಯು ಹಿಂಜರಿಯಲು 20ರಿಂದ 30 ಮಿಲಿಲೀಟರ್ ದ್ರವ ಸಾಕು. ಮೊದಲ ವಾರಗಳಲ್ಲಿ ಮನಸ್ಸು ಗಟ್ಟಿಮಾಡಿದರೂ ಕಾಲು ಮೇಲೇಳದ ರೋಗಿಯನ್ನು ಸೋಮಾರಿಯೆಂದು ಗದರುವ ಮನೆಮಂದಿ ಇದನ್ನು ತಿಳಿಯಬೇಕು.

ಇಷ್ಟು ತಿಳಿದ ಮೇಲೂ ವೈದ್ಯಲೋಕ ಯಂತ್ರಕ್ಕೆ ಮನಸೋತಿತು. ಟೊರಾಂಟೊದ ರಾಬರ್ಟ್ ಸಾಲ್ಟರ್ 1970ರಿಂದ ಮೊಲಗಳ ಮೇಲೆ ಪ್ರಯೋಗ ಮಾಡಿ, ಬಿಡದೆ ಮಡಚಿ ನೀಡುತ್ತಿದ್ದರೆ ಗಾಯಗೊಂಡ ಮೃದ್ವಸ್ಥಿ ಚೆನ್ನಾಗಿ ಕೂಡಿಕೊಳ್ಳುತ್ತದೆಂದು ಕಂಡರು. ಆ ಸಂಶೋಧನೆ ಗಟ್ಟಿಯಾದದ್ದೇ. ಆದರೆ ಅದರ ಬಲದಿಂದ ಮಂಡಿ ಬದಲಾಯಿಸಿಕೊಂಡವರ ಹಾಸಿಗೆಗೂ ಯಂತ್ರ ಬಂತು. ರೋಗಿ ಸುಮ್ಮನೆ ಮಲಗಿದ್ದರೆ ಸಾಕು, ಮೋಟರೇ ಕಾಲನ್ನು ಮಡಚುತ್ತಿತ್ತು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2014ರ ಕಾಕ್ರೇನ್ ಸಮೀಕ್ಷೆಯಲ್ಲಿ ಅದರಿಂದ ದಕ್ಕಿದ ಹೆಚ್ಚುವರಿ ಬಾಗು ಸುಮಾರು 2 ಡಿಗ್ರಿ. ಕೀಲನ್ನು ಅಲುಗಿಸುವ ಯಂತ್ರಕ್ಕೆ ಸ್ನಾಯುವಿನ ಕೆಲಸ ಬರಲಿಲ್ಲ.

ರಜ್ಜು ಮರುಜೋಡಣೆಯಲ್ಲಿ ನಿಯಮ ಬದಲಿಸಿದವರು ಮಾತು ಕೇಳದ ರೋಗಿಗಳು. ಇಂಡಿಯಾನಾಪೊಲಿಸ್‌ನ ಶೆಲ್ಬೋರ್ನ್ ಮತ್ತು ನಿಟ್ಜ್, ಹೇಳಿದ್ದಕ್ಕಿಂತ ಬೇಗ ಕಾಲೂರಿ ನಡೆದವರೇ ವಿಧೇಯರಿಗಿಂತ ಚೆನ್ನಾಗಿದ್ದುದನ್ನು ಗಮನಿಸಿ, ಅದನ್ನೇ ಕ್ರಮವಾಗಿಸಿ 1990ರಲ್ಲಿ ಪ್ರಕಟಿಸಿದರು: ಮೊದಲ ದಿನಗಳಿಂದಲೇ ಪೂರ್ತಿ ನೀಡುವಿಕೆ, ತಕ್ಷಣ ಭಾರ ಹೊರುವುದು, ನಾಲ್ಕರಿಂದ ಆರು ತಿಂಗಳಲ್ಲಿ ಆಟ. ನೇರ ಗೆರೆಯ ಕಥೆ ಇಲ್ಲಿಗೇ ನಿಲ್ಲುತ್ತದೆ. ಆದರೆ 2016ರಲ್ಲಿ ಡೆಲಾವೇರ್ ಮತ್ತು ಓಸ್ಲೋ ಸಂಶೋಧಕರು ಗತಿಯನ್ನು ಮತ್ತೆ ಹಿಂದಕ್ಕೆಳೆದರು. ಒಂಬತ್ತು ತಿಂಗಳವರೆಗೆ ಆಟವನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮರುಗಾಯದ ಪ್ರಮಾಣ ಅರ್ಧದಷ್ಟು ಇಳಿದಿತ್ತು. ಎರಡೂ ತೊಡೆಗಳ ಬಲ ಸಮವಾಗಿದ್ದವರಿಗೆ ಗಾಯ ಇನ್ನೂ ಕಡಿಮೆ. ಬೇಗ ನಡೆಯುವುದು, ತಡವಾಗಿ ಆಡುವುದು: ಎರಡೂ ಒಟ್ಟಿಗೆ ಸರಿ.

ನಮ್ಮಲ್ಲಿ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಮನೆಮಾತಾದದ್ದು 2000ದಲ್ಲಿ ಆಗಿನ ಪ್ರಧಾನಿ ವಾಜಪೇಯಿ ಅವರು ಮುಂಬೈಯಲ್ಲಿ ಅದನ್ನು ಮಾಡಿಸಿಕೊಂಡಾಗ. ಆಪರೇಷನ್ ಮಾಡಿದ ಚಿತ್ತರಂಜನ್ ರಾಣಾವತ್, 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್ ಜೊತೆ ಆಧುನಿಕ ಕೃತಕ ಮಂಡಿಯನ್ನು ರೂಪಿಸಿದವರಲ್ಲಿ ಒಬ್ಬರು. 2017ರ ಆಗಸ್ಟಿನಲ್ಲಿ ಸರಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಆ ಆದೇಶ ಲೋಹದ ಬೆಲೆಗೆ ಸಂಬಂಧಿಸಿದ್ದು. ಮನೆಗೆ ಹೋದ ಮೇಲಿನ ಫಿಸಿಯೋಥೆರಪಿ ಅದರ ವ್ಯಾಪ್ತಿಯಲ್ಲಿರಲಿಲ್ಲ.

ಫಲಿತಾಂಶ ಅಳೆಯುವ ಪಟ್ಟಿಗಳೂ ಹೊರಗಿನಿಂದ ಬಂದವೇ. ಅಮೆರಿಕದ ನೀ ಸೊಸೈಟಿಯ 1989ರ ಅಂಕಪಟ್ಟಿಯಲ್ಲಿ ಪ್ರತಿ 5 ಡಿಗ್ರಿ ಬಾಗಿಗೆ ಒಂದಂಕ, ಗರಿಷ್ಠ 25. ಅಂದರೆ 125 ಡಿಗ್ರಿಗೆ ಪೂರ್ಣಾಂಕ. ಕುರ್ಚಿಗೆ ಅಷ್ಟು ಧಾರಾಳವಾಗಿ ಸಾಕು. ಕುಕ್ಕರಗಾಲಲ್ಲಿ ಕೂರಲು ಸಾಲದು. ಪೂರ್ಣಾಂಕ ಪಡೆದ ಅಜ್ಜಿಯೊಬ್ಬರು ನೆಲದ ಮೇಲೆ ಕೂತು ರಂಗೋಲಿ ಹಾಕಲಾರರೆಂದರೆ ಆ ಪಟ್ಟಿಗೆ ಅದು ಕಾಣುತ್ತಿರಲಿಲ್ಲ. 2011ರ ಪರಿಷ್ಕರಣೆಯಲ್ಲಿ ಕುಕ್ಕರಿಸುವುದು, ಮಂಡಿಯೂರುವುದು ಮತ್ತು ರೋಗಿಯ ಸ್ವಂತ ನಿರೀಕ್ಷೆಗಳೂ ಪ್ರಶ್ನೆಗಳಾಗಿ ಸೇರಿದವು.